ಹಳೇ ಎಸ್‌ಎಂಪಿಎಸ್, ಹೊಸ ಬೋರ್ಡು: ಪಿನ್ ಎಣಿಸೋಕೆ ಮುಂಚೆ ಲೇಬಲ್ ಓದಿ

ಹಳೇ ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿ) 20 ಪಿನ್ ಪ್ಲಗ್ಗು ಹೊಸ ಮದರ್‌ಬೋರ್ಡಿನ 24 ಪಿನ್ ಸಾಕೆಟ್ಟಿಗೆ ಕೂರುತ್ತಾ ಅಂತ ಬಂದವರೆಲ್ಲ ಕೇಳುತ್ತಾರೆ. ಕೂರುತ್ತೆ, ಅಡಾಪ್ಟರ್ ಕೂಡ ಬೇಕಿಲ್ಲ. ಆ ಡಬ್ಬಿಯ ಹಳದಿ ವೈರಿನಲ್ಲಿ, ಅಂದರೆ 12 ವೋಲ್ಟಿನಲ್ಲಿ, ಎಷ್ಟು ಆಂಪಿಯರ್ ಇದೆ ಅಂತ ಮಾತ್ರ ಯಾರೂ ಕೇಳಲ್ಲ. ಕಂಪ್ಯೂಟರ್ ಓಡುತ್ತೋ, ನಡುವೆ ಕೈಕೊಡುತ್ತೋ ಅನ್ನೋದು ನಿಂತಿರೋದು ಅದರ ಮೇಲೆ.

ತಿಪಟೂರಿನಲ್ಲಿ ನನ್ನದು ಸಣ್ಣ ರಿಪೇರಿ ಅಂಗಡಿ. ಈಚೆಗೆ ಬಂದ ಒಂದು ಕೆಲಸವನ್ನೇ ಇಟ್ಟುಕೊಂಡು ಹೇಳುತ್ತೇನೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಮಾಡುವ ಡಿಟಿಪಿ ಹುಡುಗನೊಬ್ಬನ ಪೆಂಟಿಯಂ 4 ಕಾಲದ ಕಂಪ್ಯೂಟರಿನ ಬೋರ್ಡು ಕೆಪಾಸಿಟರ್ ಉಬ್ಬಿ ಸತ್ತಿತ್ತು. ಎಚ್610 ಬೋರ್ಡು, ಇಂಟೆಲ್ ಐ3 12100 ಪ್ರೊಸೆಸರ್ ತಂದಿದ್ದ. "ಅಕ್ಕಾ, ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು ಎರಡೂ ಗಟ್ಟಿ ಇದಾವೆ. ಇದಕ್ಕೇ ಕೂರಿಸಿಕೊಡಿ" ಅಂದ.

ಡಬ್ಬಿಯ ಮೇಲೆ 450 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ನಂಬಬೇಡಿ. ಕೆಳಗಿರೋ ಸಣ್ಣಕ್ಷರದ ಪಟ್ಟಿ ನೋಡಿ. ಇವನದರಲ್ಲಿ 5 ವೋಲ್ಟಿಗೆ 30 ಆಂಪಿಯರ್, 3.3 ವೋಲ್ಟಿಗೆ 20, 12 ವೋಲ್ಟಿಗೆ ಬರೀ 14. ಅಂದರೆ ಹಳದಿ ವೈರಿನಲ್ಲಿ ಸಿಗೋದು 12 ಗುಣಿಸು 14, 168 ವ್ಯಾಟ್. ಮಿಕ್ಕಿದ್ದು ಹೆಚ್ಚಾಗಿ 5 ವೋಲ್ಟಿನ ಕೆಂಪು, 3.3 ವೋಲ್ಟಿನ ಕಿತ್ತಳೆ ವೈರುಗಳ ಪಾಲು. 1995ರಲ್ಲಿ ಎಟಿಎಕ್ಸ್ (ಬೋರ್ಡು, ಡಬ್ಬಿಗಳ ಅಳತೆ ಮತ್ತು ಪ್ಲಗ್ಗಿನ ಪದ್ಧತಿ) ಬಂದಾಗ ಪ್ರೊಸೆಸರ್‌ಗಳು 5 ಮತ್ತು 3.3 ವೋಲ್ಟನ್ನೇ ತಿನ್ನುತ್ತಿದ್ದವು. 2000ದಲ್ಲಿ ಪೆಂಟಿಯಂ 4ಕ್ಕೆ ಅಂತ ಎರಡು ಹಳದಿ, ಎರಡು ಕಪ್ಪು ವೈರಿನ 4 ಪಿನ್ ಪ್ಲಗ್ಗು ಸೇರಿತು. 2003ರಲ್ಲಿ ದೊಡ್ಡ ಪ್ಲಗ್ಗು 24 ಪಿನ್ ಆಯಿತು. ಈಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎರಡೂ ಹೆಚ್ಚುಕಮ್ಮಿ ಪೂರ್ತಿ 12 ವೋಲ್ಟಿನ ಮೇಲೇ ಬದುಕುತ್ತವೆ. ಹಳೇ ಡಬ್ಬಿಯ ಬಲವೆಲ್ಲ ಈಗ ಯಾರೂ ಕೇಳದ ಕಡೆ ಇದೆ.

ಲೆಕ್ಕ ಹಾಕೋಣ. ಐ3 12100 ಮಾಮೂಲಿಗೆ 60 ವ್ಯಾಟ್, ಜೋರು ಕೆಲಸದಲ್ಲಿ 89 ವ್ಯಾಟ್‌ವರೆಗೆ ಎಳೆಯುತ್ತೆ. ಬೋರ್ಡಿನಲ್ಲಿ ವೋಲ್ಟೇಜ್ ಇಳಿಸುವಾಗ ಆಗುವ ನಷ್ಟ ಸೇರಿಸಿದರೆ ಸುಮಾರು 100 ವ್ಯಾಟ್, ಅಂದರೆ 8 ಆಂಪಿಯರ್ ಚಿಲ್ಲರೆ. ಹಾರ್ಡ್ ಡಿಸ್ಕ್ ತಿರುಗೋಕೆ ಶುರುವಾಗುವಾಗ 2 ಆಂಪಿಯರ್, ಫ್ಯಾನುಗಳಿಗೆ ಇನ್ನಷ್ಟು. ಒಟ್ಟು 11ರ ಹತ್ತಿರ. 14ರಲ್ಲಿ 11 ಕಾಗದದ ಮೇಲೆ ಸರಿಯೇ. ಆದರೆ ಅಷ್ಟು ವರ್ಷ ದುಡಿದ ಡಬ್ಬಿ ಲೇಬಲ್ಲಿನಲ್ಲಿರೋ 14 ಪೂರ್ತಿ ಕೊಡುತ್ತೆ ಅಂತ ನಾನು ಬರೆದುಕೊಡಲ್ಲ. ಗ್ರಾಫಿಕ್ಸ್ ಕಾರ್ಡು ಇಲ್ಲದಿದ್ದರೆ ಮಾತ್ರ ಮುಂದುವರಿಯಿರಿ.

ಜೋಡಿಸೋಕೆ ಮುಂಚೆ ಡಬ್ಬಿಯೊಂದನ್ನೇ ಪರೀಕ್ಷೆ ಮಾಡಿ. ಹಿಂಭಾಗದಲ್ಲಿ 115/230 ಅನ್ನೋ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲಿ ಇರಬೇಕು. 115ರಲ್ಲಿಟ್ಟು ನಮ್ಮ ಕರೆಂಟಿಗೆ ಹಾಕಿದರೆ ಪಟಾಕಿಯ ಸದ್ದು ಕೇಳುತ್ತೀರಿ. ಬೋರ್ಡಿಗೆ ಸಿಕ್ಕಿಸದೆ, ಹಳೇ ಡಿವಿಡಿ ಡ್ರೈವ್ ಒಂದನ್ನು ಮಾತ್ರ ಜೋಡಿಸಿ, ಯಾಕೆಂದರೆ ಹಳೇ ಡಬ್ಬಿಗಳು ಲೋಡ್ ಇಲ್ಲದೆ ಸರಿಯಾಗಿ ನಿಲ್ಲಲ್ಲ. ಮೇನ್ಸ್ ವೈರ್ ಹಾಕೋಕೆ ಮುಂಚೆಯೇ ದೊಡ್ಡ ಪ್ಲಗ್ಗಿನ ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪಿಗೂ ಒಂದು ಬಾಗಿಸಿದ ತಂತಿ ಸಿಕ್ಕಿಸಿ. ಆಮೇಲೆ ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತೆ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗಿಟ್ಟು ಅಳೆಯಿರಿ. ಹಳದಿ 11.4ರಿಂದ 12.6ರೊಳಗೆ, ಕೆಂಪು 4.75ರಿಂದ 5.25ರೊಳಗೆ, ಕಿತ್ತಳೆ 3.14ರಿಂದ 3.47ರೊಳಗೆ ಇರಬೇಕು. ನೇರಳೆ ವೈರಿನಲ್ಲಿ ತಂತಿ ಸಿಕ್ಕಿಸದಿದ್ದರೂ 5 ವೋಲ್ಟ್ ಇರುತ್ತೆ, ಅದು ಸ್ಟ್ಯಾಂಡ್‌ಬೈ. ಯಾವುದಾದರೂ ಒಂದು ಹೊರಗೆ ಬಿದ್ದರೆ ಆ ಡಬ್ಬಿ ಗುಜರಿಗೆ. ಬಿಚ್ಚಿ ಸರಿಮಾಡೋ ಸಾಹಸ ಬೇಡ, ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ವೈರ್ ಕಿತ್ತ ಮೇಲೂ 300 ವೋಲ್ಟ್ ಮೇಲೆ ಉಳಿದಿರಬಹುದು.

ಇನ್ನು ದೊಡ್ಡ ಪ್ಲಗ್ಗು. ಮೇನ್ಸ್ ಕಿತ್ತು, ಪರೀಕ್ಷೆಗೆ ಸಿಕ್ಕಿಸಿದ ತಂತಿ ತೆಗೆದು, ಪವರ್ ಬಟನ್ ಒಂದೆರಡು ಸಲ ಒತ್ತಿ. ಸಾಕೆಟ್ಟಿನ ತೂತುಗಳಲ್ಲಿ ಕೆಲವು ಚೌಕ, ಕೆಲವು ಮೂಲೆ ಕತ್ತರಿಸಿದಂಥವು. ಆಕಾರ ಹೊಂದುವ ಹಾಗೆ ಹಿಡಿದರೆ ಒಂದನೇ ಪಿನ್ ಕಡೆಯಿಂದ 20 ಕೂತು, ಕೊನೆಯ ನಾಲ್ಕು, ಅಂದರೆ 11, 12, 23, 24, ಖಾಲಿ ಉಳಿಯುತ್ತವೆ. ಅಲ್ಲಿ ಇರಬೇಕಾದ್ದು ಒಂದು ಹಳದಿ, ಒಂದು ಕಿತ್ತಳೆ, ಒಂದು ಕೆಂಪು, ಒಂದು ಕಪ್ಪು. ಈ ನಾಲ್ಕೂ ಬೇರೆ ಪಿನ್‌ಗಳಲ್ಲಿ ಇದ್ದೇ ಇರೋದರಿಂದ ಬೋರ್ಡು ಶುರುವಾಗೋಕೆ ಅಡ್ಡಿಯಿಲ್ಲ. ಹಳೇ ಪ್ಲಗ್ಗಿನಲ್ಲಿ ಬಿಳಿ ವೈರ್ ಕಂಡರೆ ಗಾಬರಿ ಬೇಡ. ಅದು ಮೈನಸ್ 5 ವೋಲ್ಟ್, ಹೊಸ ಬೋರ್ಡು ಅದನ್ನು ಮುಟ್ಟಲ್ಲ.

ಅಡ್ಡಿ ಎಲ್ಲಿ ಅಂದರೆ, 24 ಪಿನ್‌ನಲ್ಲಿ ಎರಡು ಹಳದಿ ಇರುವಲ್ಲಿ ನಿಮಗೀಗ ಒಂದೇ ಇದೆ. ಗ್ರಾಫಿಕ್ಸ್ ಕಾರ್ಡು ಕೂರುವ ಸ್ಲಾಟ್ 75 ವ್ಯಾಟ್‌ವರೆಗೆ ಕೇಳಬಹುದು, ಅದರಲ್ಲಿ 66 ವ್ಯಾಟ್ ಅಂದರೆ 5.5 ಆಂಪಿಯರ್ 12 ವೋಲ್ಟಿನಲ್ಲೇ. ಅಷ್ಟೂ ಆ ಒಂಟಿ ಪಿನ್ನಿನ ಮೇಲೆ ಬಿದ್ದರೆ ಅದು ಕಾದು ಪ್ಲಾಸ್ಟಿಕ್ ಕರಗಿ ಕಪ್ಪಾಗಬಹುದು. ಸ್ಲಾಟಿನಿಂದಲೇ ಕರೆಂಟು ಕುಡಿಯುವ ಸಣ್ಣ ಕಾರ್ಡುಗಳಿಗೂ ನಾನು ಬೇಡ ಅನ್ನೋದು ಇದಕ್ಕೇ. 20ರಿಂದ 24ಕ್ಕೆ ಅಂತ ಮಾರುವ ಅಡಾಪ್ಟರ್ ಹಾಕಿದರೂ ಡಬ್ಬಿಯಿಂದ ಬರುವ ವೈರುಗಳು ಅಷ್ಟೇ, ಒಂದೇ ನಲ್ಲಿಗೆ ಎರಡು ಪೈಪು ಸಿಕ್ಕಿಸಿದ ಹಾಗೆ.

ಪ್ರೊಸೆಸರ್ ಪಕ್ಕದ ಸಾಕೆಟ್ಟಿನ ವಿಷಯದಲ್ಲಿ ಮಾತ್ರ ನಿಧಾನವಾಗಿ ಓದಿ. ಹೊಸ ಬೋರ್ಡಿನಲ್ಲಿ ಅದು 8 ಪಿನ್ ಇರಬಹುದು, ನಿಮ್ಮ ಹತ್ತಿರ ಇರೋದು 4. ಆಕಾರ ಹೊಂದಿ, ಕೊಕ್ಕೆ ಸಿಕ್ಕುವ ಅರ್ಧದಲ್ಲಿ ಕೂರಿಸಿ. 60, 65 ವ್ಯಾಟಿನ ಪ್ರೊಸೆಸರಿಗೆ ಆ ಎರಡು ಹಳದಿ ವೈರು ಸಾಕು. ದೊಡ್ಡದಕ್ಕೆ ಸಾಲದು. ಬೋರ್ಡಿನ ಪುಸ್ತಕದಲ್ಲಿ 8 ಪಿನ್ನೂ ಬೇಕೇಬೇಕು ಅಂತ ಇದ್ದರೆ ಅಲ್ಲಿಗೇ ನಿಲ್ಲಿಸಿ. ಈ ಪ್ಲಗ್ಗನ್ನು ಹಾಕೋದನ್ನೇ ಮರೆತರೆ ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. "ಬೋರ್ಡು ಡೆಡ್ ಅಕ್ಕಾ" ಅಂತ ಹೊತ್ತು ತರುವವುಗಳಲ್ಲಿ ಇಂಥವೂ ಇರುತ್ತವೆ.

ಇದನ್ನೇ ಹೋಲುವ ಇನ್ನೆರಡು ಪ್ಲಗ್ಗು ಕೈಗೆ ಸಿಗಬಹುದು. 20+4 ಅನ್ನುವ ಡಬ್ಬಿಗಳಲ್ಲಿ ಬಿಡಿಯಾಗುವ ನಾಲ್ಕು ಪಿನ್ನಿನ ತುಂಡಿಗೆ ನಾಲ್ಕು ಬಣ್ಣ ಇರುತ್ತೆ. ಅದು ದೊಡ್ಡ ಸಾಕೆಟ್ಟಿನ ಪಾಲು. ಗ್ರಾಫಿಕ್ಸ್ ಕಾರ್ಡಿನ 6 ಅಥವಾ 8 ಪಿನ್ನಿನಲ್ಲಿ ಹಳದಿ ಮತ್ತು ಕಪ್ಪಿನ ಜಾಗ ಪ್ರೊಸೆಸರಿನದಕ್ಕೆ ಉಲ್ಟಾ. ಕೂರದ ಪ್ಲಗ್ಗನ್ನು ಒತ್ತಿ ಕೂರಿಸಿದರೆ ನೇರ ಶಾರ್ಟು.

ಹಾರ್ಡ್ ಡಿಸ್ಕಿಗೆ ಸಾಟಾ ಪವರ್ ಅನ್ನೋ ಚಪ್ಪಟೆ ಪ್ಲಗ್ಗು ಬೇಕು, ಪೆಂಟಿಯಂ 4 ಕಾಲದ ಎಷ್ಟೋ ಡಬ್ಬಿಗಳಲ್ಲಿ ಇರೋದು ಮೋಲೆಕ್ಸ್ ಅನ್ನೋ ದೊಡ್ಡ 4 ಪಿನ್ ಪ್ಲಗ್ಗು ಮಾತ್ರ. ಅಡಾಪ್ಟರ್ ಸಿಗುತ್ತೆ. ಆದರೆ ಕರಗಿಸಿದ ಪ್ಲಾಸ್ಟಿಕ್ಕಿನಲ್ಲಿ ವೈರುಗಳನ್ನು ಅಚ್ಚು ಹಾಕಿದ್ದನ್ನು ಮುಟ್ಟಬೇಡಿ. ಒಳಗೆ ವೈರು ಸರಿದು ಒಂದಕ್ಕೊಂದು ತಗಲಿ ಹೊತ್ತಿಕೊಳ್ಳಬಹುದು, ಡಿಸ್ಕಿನಲ್ಲಿರೋದೂ ಜೊತೆಗೇ ಹೋಗಬಹುದು. ವೈರುಗಳನ್ನು ಒಂದೊಂದಾಗಿ ಒತ್ತಿ, ಹಿಂದೆ ಮುಚ್ಚಳ ಹಾಕಿರುವಂಥದ್ದನ್ನು ಕೇಳಿ ತೆಗೆದುಕೊಳ್ಳಿ.

ಬೋರ್ಡಿನಲ್ಲಿ 24ರ ಬದಲು ಬರೀ 10 ಪಿನ್ನಿನ ಸಾಕೆಟ್ಟಿದ್ದರೆ, ಅಥವಾ ಡಬ್ಬಿಯಲ್ಲಿ ದೊಡ್ಡ ಪ್ಲಗ್ಗಿನ ಬದಲು ಆರಾರು ಪಿನ್ನಿನ ಎರಡು ತುಂಡು ಇದ್ದರೆ ಈ ಬರಹ ನಿಮಗಲ್ಲ. ಮೊದಲನೆಯದು ಪೂರಾ 12 ವೋಲ್ಟಿನ ಹೊಸ ಪದ್ಧತಿ, ಎರಡನೆಯದು ಎಟಿಎಕ್ಸ್‌ಗೂ ಮುಂಚಿನದು. ಕಂಪನಿಯಿಂದಲೇ ಜೋಡಿಸಿ ಬಂದ ಹಳೇ ಬ್ರಾಂಡೆಡ್ ಕಂಪ್ಯೂಟರಿನ ಡಬ್ಬಿಯಾದರೆ ವೈರಿನ ಬಣ್ಣ, ಜಾಗ ಎರಡನ್ನೂ ಒಂದೊಂದೇ ಹೋಲಿಸಿ ನೋಡಿ. ಪ್ಲಗ್ಗು ಒಂದೇ ಥರ ಕಂಡರೂ ಒಳಗಿನ ಜೋಡಣೆ ಬದಲಾಗಿರುವಂಥವು ಇವೆ.

ಆನ್ ಆದಮೇಲೆ ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ಗೆ ಹೋಗಿ ಎರಡು ಕೆಲಸ ಮಾಡಿ. ಪ್ರೊಸೆಸರಿನ ಪವರ್ ಲಿಮಿಟ್ ಆಯ್ಕೆ ಇದ್ದರೆ 60 ವ್ಯಾಟಿಗೆ ಇಳಿಸಿ, ಹಳದಿ ವೈರಿನ ಹೊರೆ ಎರಡೂವರೆ ಆಂಪಿಯರ್‌ನಷ್ಟು ತಗ್ಗುತ್ತೆ. ಸಿ6, ಸಿ7 ಅನ್ನೋ ನಿದ್ರೆಯ ಸ್ಥಿತಿಗಳನ್ನು ಬಂದ್ ಮಾಡಿ. 2013ರ ಹ್ಯಾಸ್‌ವೆಲ್ ಅನ್ನೋ ಪೀಳಿಗೆಯ ಕಾಲದಿಂದ ಇಂಟೆಲ್ ಪ್ರೊಸೆಸರ್‌ಗಳು ಸುಮ್ಮನಿದ್ದಾಗ 12 ವೋಲ್ಟಿನಿಂದ ಬರೀ 0.05 ಆಂಪಿಯರ್‌ವರೆಗೂ ಇಳಿಯಬಲ್ಲವು. ಹಳೇ ಡಬ್ಬಿ ಇಷ್ಟು ಕಮ್ಮಿ ಹೊರೆಯಲ್ಲಿ ಆಫ್ ಆಗಿಬಿಡಬಹುದು. ಕೆಲಸ ಮಾಡುವಾಗ ಸರಿಯಿದ್ದು, ಕಾಫಿ ಕುಡಿದು ಬರೋದರೊಳಗೆ ಆರಿಹೋಗುವ ಕಂಪ್ಯೂಟರ್ ಕಂಡರೆ ಮೊದಲು ಇದನ್ನೇ ನೋಡಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆಂದರೆ ಡಬ್ಬಿಯನ್ನೇ ಬೈಯಬೇಡಿ. ಒಳಗಿನ ಫಿಲ್ಟರಿನ ಸಣ್ಣ ಸೋರಿಕೆ ಅರ್ಥಿಂಗ್ ಸಿಗದೆ ತಗಡಿಗೆ ಬಂದಿರುತ್ತೆ. ಗೋಡೆಯ ಮೂರು ಪಿನ್ ಸಾಕೆಟ್ಟಿನ ಮೇಲಿನ ತೂತಿಗೆ ವೈರೇ ಇಲ್ಲದ ಅಂಗಡಿಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಎಲೆಕ್ಟ್ರಿಷಿಯನ್ ಕರೆಸಿ.

ಕೊನೆಯ ಅಳತೆ ಹೊರೆಯಿದ್ದಾಗ ಮಾಡಬೇಕು. ಹುಡುಗನಿಗೆ ಒಂದು ದೊಡ್ಡ ಪಿಡಿಎಫ್ ಎಕ್ಸ್‌ಪೋರ್ಟ್‌ಗೆ ಹಾಕು ಅಂದೆ, ಅದು ಓಡುವಾಗ ಮೋಲೆಕ್ಸ್‌ನ ಹಳದಿ ಮತ್ತು ಕಪ್ಪಿನ ನಡುವೆ ಮೀಟರ್ ಹಿಡಿದೆ. 11.7 ತೋರಿಸಿ ಅಲ್ಲೇ ನಿಂತಿತು. 11.4ರ ಕೆಳಗೆ ಹೋಗಿದ್ದರೆ ಕಳಿಸುತ್ತಿರಲಿಲ್ಲ. ಈ ಸೀಸನ್ ಮುಗಿದಮೇಲೆ 12 ವೋಲ್ಟಿನಲ್ಲಿ 25 ಆಂಪಿಯರ್‌ಗಿಂತ ಮೇಲಿರುವ ಹೊಸ ಎಸ್‌ಎಂಪಿಎಸ್ ತಗೋ ಅಂತ ಚೀಟಿ ಬರೆದುಕೊಟ್ಟೆ. "ಅಲ್ಲೀತಂಕ ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡ್ ಹಾಕ್ಕೊಳ್ಲಾ ಅಕ್ಕಾ?" ಅಂದ. ಬೇಡ ಅಂದೆ.