ಭಾನುವಾರದ ಮಾತ್ರೆ, ಲಸಿಕೆಯ ಲೆಕ್ಕ

ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ವಾರಕ್ಕೊಮ್ಮೆ, ಭಾನುವಾರ ರಾತ್ರಿ, ಆ ಶಕ್ತಿಯನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್, ಮಾರನೇ ದಿನ ಫೋಲಿಕ್ ಆಸಿಡ್, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್. ಲಸಿಕೆ ಅಂದ ಕೂಡಲೇ ನಮ್ಮಂಥವರಿಗೆ ಎರಡು ಭಯ. ಚುಚ್ಚಿಸಿಕೊಂಡರೆ ಗಂಟುಗಳು ಮತ್ತೆ ಊದಿಕೊಂಡರೆ? ಈ ಮಾತ್ರೆ ತಿನ್ನುವ ಮೈಗೆ ಲಸಿಕೆ ಹತ್ತುತ್ತದಾ?

2021ರ ಮಾರ್ಚ್‌ನಲ್ಲಿ, 45 ದಾಟಿ ಬೇರೆ ಕಾಯಿಲೆಯೂ ಇರುವವರಿಗೆ ಕೋವಿಡ್ ಲಸಿಕೆ ಶುರುವಾಯಿತು. ಆ ಕಾಯಿಲೆಗಳ ಪಟ್ಟಿಯಲ್ಲಿ ನಮ್ಮಂಥ ಮಾತ್ರೆ ತಿನ್ನುವವರೂ ಇದ್ದರು. ಡಾಕ್ಟರ ಸಹಿ ಇರುವ ಚೀಟಿ ಬೇಕಿತ್ತು. "ಸುಮ್ನೆ ಇರೋ ನೋವನ್ನ ಯಾಕಮ್ಮ ಕೆಣಕ್ತೀಯ?" ಅಂದರು ಅತ್ತಿಗೆ. ಅವರ ಮಾತಿನಲ್ಲೂ ಅರ್ಥ ಇತ್ತು. ಆದರೆ ಕೋವಿಡ್ ಬಂದರೆ ಆ ನೋವು ಸುಮ್ಮನಿರುತ್ತದೆ ಅಂತ ಯಾರು ಹೇಳಬೇಕು?

ಡಾಕ್ಟರ ಹತ್ತಿರ "ಹಾಕಿಸಿಕೊಳ್ಳಲಾ, ಬೇಡ್ವಾ" ಅಂತ ಕೇಳಲಿಲ್ಲ. ಇದು ಜೀವಂತ ಲಸಿಕೆಯಾ (ಬಲ ಕುಂದಿಸಿದ, ಆದರೆ ಬದುಕಿರುವ ರೋಗಾಣು ಇರುವಂಥದ್ದು; ನಮ್ಮಂಥವರ ಮೈಯಲ್ಲಿ ಅದು ಬೆಳೆದುಬಿಡಬಹುದು), ಯಾವ ಮಾತ್ರೆ ಎಷ್ಟು ದಿನ ಬಿಡಬೇಕು, ಬಿಟ್ಟಾಗ ನೋವು ಬಂದರೆ ಏನು ತಗೊಳ್ಳಲಿ ಅಂತ ಕೇಳಿದೆ. ಕೋವಿಶೀಲ್ಡ್‌ನ ವೈರಸ್ ಮೈಯಲ್ಲಿ ಬೆಳೆಯುವಂಥದ್ದಲ್ಲ, ಕೊವ್ಯಾಕ್ಸಿನ್‌ನದು ಕೊಂದ ವೈರಸ್, ಯಾವುದಾದರೂ ಸರಿ ಅಂದರು. ಕೀಲುಗಳು ಹತೋಟಿಯಲ್ಲಿದ್ದವು, ಹಾಗಾಗಿ ಲಸಿಕೆಯ ನಂತರದ ಭಾನುವಾರದ ಮಾತ್ರೆ ಬಿಡಿಸಿದರು. ಜ್ವರ ಬಂತು, ಬೆಳಗಿನ ಬಿಗಿತ ಸ್ವಲ್ಪ ಜಾಸ್ತಿಯಾಯಿತು, ಆಮೇಲೆ ಇಳಿಯಿತು. ಮುಂದೆ 2022ರಲ್ಲಿ ಬ್ರಿಟನ್ನಿನ ಒಂದು ಪ್ರಯೋಗದ ಫಲಿತಾಂಶ ಬಂತು. ಬೂಸ್ಟರ್ ನಂತರ ಎರಡು ವಾರ ಮೆಥೋಟ್ರೆಕ್ಸೇಟ್ ಬಿಟ್ಟವರಲ್ಲಿ ಪ್ರತಿಕಾಯಗಳು (ರೋಗಾಣುವನ್ನು ಎದುರಿಸಲು ಮೈ ತಯಾರಿಸುವ ಪ್ರೋಟೀನ್‌ಗಳು) ಸುಮಾರು ಎರಡು ಪಟ್ಟು ಇದ್ದವು. ನೋವು ಕೆರಳಿದವರೂ ಅವರಲ್ಲೇ ಜಾಸ್ತಿ. ಪುಕ್ಕಟೆಯಾಗಿ ಏನೂ ಸಿಗಲ್ಲ ಅಲ್ವಾ.

ಎಲ್ಲ ಲಸಿಕೆಗೂ ಮಾತ್ರೆ ಬಿಡಬೇಕಾಗಿಲ್ಲ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತೇನೆ. ಅದಾದ ಮೇಲೆ ಎರಡು ವಾರ ಮೆಥೋಟ್ರೆಕ್ಸೇಟ್ ಇಲ್ಲ, ಅದೂ ಊತ ಇಲ್ಲದಿದ್ದರೆ. ನ್ಯುಮೋನಿಯಾ ಲಸಿಕೆಗೆ ಏನೂ ಬಿಡಲಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಯಾವತ್ತೂ ನಿಲ್ಲಿಸಿಲ್ಲ. ಸ್ಟೀರಾಯ್ಡ್ ತಿನ್ನುವವರು ಅದನ್ನು ತಾವಾಗಿಯೇ ನಿಲ್ಲಿಸಲೇಬಾರದು. ಇದೇ ಕಾಯಿಲೆಗೆ ತಿಂಗಳುಗಟ್ಟಲೆ ಅಂತರದಲ್ಲಿ ಕೊಡುವ ರಿಟುಕ್ಸಿಮ್ಯಾಬ್ ಔಷಧಿಯ ಡ್ರಿಪ್ ಹಾಕಿಸಿಕೊಳ್ಳುವವರ ಲೆಕ್ಕವೇ ಬೇರೆ. ಫ್ಲೂ ಬಿಟ್ಟು ಉಳಿದ ಲಸಿಕೆ ಮುಂದಿನ ಡ್ರಿಪ್ ಹತ್ತಿರ ಬಂದಾಗ, ಆಮೇಲೆ ಕನಿಷ್ಠ ಎರಡು ವಾರ ಬಿಟ್ಟು ಡ್ರಿಪ್.

ಇದೇ ಕಾಯಿಲೆಯ ಇನ್ನೊಂದು ಮಾತ್ರೆ ಟೋಫಾಸಿಟಿನಿಬ್ ಶುರು ಮಾಡೋಣವಾ ಅಂತ ಮಾತು ಬಂದಾಗ ಸರ್ಪಸುತ್ತಿನ ವಿಷಯ ಎದ್ದಿತು. ಆ ಮಾತ್ರೆಯಲ್ಲಿ ಸರ್ಪಸುತ್ತು ಬರುವ ಸಾಧ್ಯತೆ ಜಾಸ್ತಿ. 2023ರಲ್ಲಿ ಭಾರತಕ್ಕೆ ಬಂದ ಸರ್ಪಸುತ್ತಿನ ಲಸಿಕೆ ಶಿಂಗ್ರಿಕ್ಸ್ ಜೀವಂತ ಲಸಿಕೆ ಅಲ್ಲ, ಎರಡು ಡೋಸ್. ಬೆಲೆ ಕೇಳಿ ತಲೆ ತಿರುಗಿತು. ನಮ್ಮ ಚಿಕ್ಕಪ್ಪನಿಗೆ ಸರ್ಪಸುತ್ತು ಆಗಿ, ತಿಂಗಳುಗಟ್ಟಲೆ ಅಂಗಿಯ ಬಟ್ಟೆ ತಾಗಿದರೂ ಉರಿ ಅನ್ನುತ್ತಿದ್ದರು. ಅದು ನೆನಪಿತ್ತು. ದುಡ್ಡು ಕೂಡಿಸಿ, ಎರಡೂ ಡೋಸ್ ಮುಗಿಸಿಯೇ ಮಾತ್ರೆ ಶುರು ಮಾಡಿದೆ.

ಬೇಡ ಅಂದದ್ದೂ ಒಂದಿದೆ. ತಮ್ಮ ನೈರೋಬಿಯಲ್ಲಿದ್ದಾನೆ. ಅಲ್ಲಿಗೆ ಹೋಗಿಬರಲು ಹಳದಿ ಜ್ವರದ ಲಸಿಕೆ ಬೇಕು. ಅದು ಬಲ ಕುಂದಿಸಿದ, ಆದರೆ ಬದುಕಿರುವ ವೈರಸ್. ಆಗಲ್ಲ ಅಂದರು ಡಾಕ್ಟರು. ವಿನಾಯಿತಿ ಪತ್ರ ಬರೆದುಕೊಡಬಹುದಿತ್ತು, ಆದರೆ ಪತ್ರ ಸೊಳ್ಳೆಯನ್ನು ತಡೆಯುವುದಿಲ್ಲವಲ್ಲ. ನೀನೇ ಬಾರೋ ಅಂದೆ ತಮ್ಮನಿಗೆ.

ಈ ಲೆಕ್ಕಾಚಾರ ಯಾವುದೂ ನಾಯಿ ಕಚ್ಚಿದಾಗ ಇಲ್ಲ. ರೇಬೀಸ್ ಲಸಿಕೆ ಕೊಂದ ವೈರಸ್‌ನದು, ಒಂದು ದಿನವೂ ಮುಂದೂಡುವ ಹಾಗಿಲ್ಲ. ಬರೀ ಪರಚಿದ ಗಾಯವಾದರೂ ನಮಗೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ಆಸ್ಪತ್ರೆಯವರಿಗೆ ಅದು ಗೊತ್ತಾಗಬೇಕಾದರೆ ನಾವು ಯಾವ ಮಾತ್ರೆ ತಿನ್ನುತ್ತೇವೆ ಅಂತ ಮೊದಲು ಹೇಳಬೇಕು. ನಾನು ಮಾತ್ರೆಗಳ ಹೆಸರು ಬರೆದ ಚೀಟಿಯನ್ನು ಪರ್ಸಿನಲ್ಲಿ ಆಧಾರ್ ಕಾರ್ಡ್ ಹಿಂದೆ ಇಟ್ಟುಕೊಂಡಿದ್ದೇನೆ.