ಕೋಲಾರದಲ್ಲಿ ಒಂದು ದಿನ: ಯಾವುದು ಮೊದಲು, ಎಲ್ಲಿ ಊಟ

ಬೆಂಗಳೂರಿಂದ 70 ಕಿ.ಮೀ. ಕೂಡ ಇಲ್ಲ ಅಂತ ನಿಧಾನ ಮಾಡಬೇಡಿ, ಬೆಳಗ್ಗೆ ಐದೂವರೆಗೇ ಹೊರಡಿ. ಮೊದಲು ಶತಶೃಂಗ ಬೆಟ್ಟದ ಅಂತರಗಂಗೆ. ಮೆಟ್ಟಿಲು ಹತ್ತಿದರೆ ಕಲ್ಲಿನ ಬಸವನ ಬಾಯಿಂದ ನೀರು ಬೀಳುವುದು ಕಾಣುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬೇಡ. ಕೋತಿಗಳಿಗೆ ಅದು ಕಂಡರೆ ಸಾಕು, ಒಳಗೆ ತಿಂಡಿ ಇರಲಿ ಬಿಡಲಿ, ಕಿತ್ತುಕೊಳ್ಳುತ್ತವೆ. ಗುಹೆಗಳಿಗೆ ಹೋಗುವುದಾದರೆ ಟಾರ್ಚ್, ಹಿಡಿತವಿರುವ ಶೂ, ದಾರಿ ಬಲ್ಲವರು ಜೊತೆಗಿರಲಿ.

ಕೆಳಗಿಳಿದು ಊರೊಳಗಿನ ಗುಡಿಗಳಿಗೆ. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಹನ್ನೊಂದರೊಳಗೆ ಎರಡನ್ನೂ ಮುಗಿಸಿ. ಕೋಲಾರಮ್ಮನ ಗುಡಿ ಚೋಳರ ಕಾಲದ್ದು, ರಾಜೇಂದ್ರ ಚೋಳನ ಶಾಸನಗಳಿವೆ. ಒಳಗೆ ಚೇಳಮ್ಮನ ಸನ್ನಿಧಿ ನೋಡದೆ ಬರಬೇಡಿ: ಕಾಣಿಕೆ ಹಾಕುವುದು ನೆಲದಲ್ಲಿರುವ ಕುಳಿಗೆ. ಸೋಮೇಶ್ವರ ಗುಡಿ ವಿಜಯನಗರ ಕಾಲದ್ದು. ಗೋಪುರಕ್ಕಿಂತ ಕಲ್ಯಾಣಮಂಟಪದ ಕಂಬಗಳಿಗೇ ಹೆಚ್ಚು ಹೊತ್ತು ಕೊಡಿ. ಬಿಸಿಲೇರಿದರೆ ಹಾಸುಗಲ್ಲು ಬರಿಗಾಲನ್ನು ಸುಡುತ್ತದೆ, ಸಾಕ್ಸ್ ಇಟ್ಟುಕೊಳ್ಳಿ.

ಊಟಕ್ಕೆ ಮುದ್ದೆ, ಬಸ್ಸಾರು. ಹೊಸಬರು ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಳ್ಳುತ್ತಾರೆ. ನೆಲ್ಲಿಕಾಯಿ ಗಾತ್ರ ಮುರಿದು, ಸಾರಲ್ಲಿ ಪೂರ್ತಿ ಹೊರಳಿಸಿ, ನುಂಗಿ. ಆರಿದರೆ ಗಟ್ಟಿಯಾಗುತ್ತದೆ, ಮಾತು ಆಮೇಲೆ.

ಸಂಜೆಗೆ ಹೆದ್ದಾರಿ 75ರಲ್ಲಿ ಮುಳಬಾಗಿಲು, ಸುಮಾರು 30 ಕಿ.ಮೀ. ಆ ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪಿದೆ. ಇಳಿಬಿಸಿಲಲ್ಲಿ ಕೆತ್ತನೆ ಎದ್ದು ಕಾಣುತ್ತದೆ. ವಾಪಸ್ ಬರುವಾಗ ಮುಳಬಾಗಿಲು ದೋಸೆ: ದಪ್ಪ, ತಳ ಗರಿಗರಿ, ಮೇಲೆ ಮೆತ್ತಗೆ, ತುಪ್ಪ ಧಾರಾಳ. ಪಾರ್ಸೆಲ್ ಮಾತ್ರ ಬೇಡ, ಪೊಟ್ಟಣದೊಳಗಿನ ಹಬೆಗೆ ಗರಿ ಹೋಗಿಬಿಡುತ್ತದೆ.