ಗಾಡಿ ತಡೆದು ಟ್ರಿಪ್ ಹೆಚ್ಚಿಸಿದ ಬಗೆ

ಸಾಲು ರಜೆಯಲ್ಲಿ ಮಡಿಕೇರಿಯ ಜಾಮ್ ಹೇಗಿರುತ್ತದೆಂದು ಚಾಲಕರಿಗೆ ಹೇಳಬೇಕಿಲ್ಲ. ಆದರೆ ಅದು ಸ್ವಲ್ಪಸ್ವಲ್ಪವಾಗಿ ಬೆಳೆಯುತ್ತದೆ ಎಂದೇ ಪ್ರವಾಸಿಗರ ಗಾಡಿ ಓಡಿಸುವ ನಮ್ಮವರಲ್ಲಿ ಬಹಳ ಮಂದಿ ನಂಬಿದ್ದಾರೆ. ಹಾಗಲ್ಲ. ಹತ್ತೂವರೆಯವರೆಗೆ ಎಲ್ಲವೂ ಸಾಗುತ್ತಿರುತ್ತದೆ. ಆಮೇಲೆ ಇನ್ನೊಂದಿಪ್ಪತ್ತು ಗಾಡಿ ಒಳಗೆ ಬಂದರೆ ಜನರಲ್ ತಿಮ್ಮಯ್ಯ ವೃತ್ತದ ಸುತ್ತಮುತ್ತ ಒಮ್ಮೆಗೇ ಕಟ್ಟಿಕೊಳ್ಳುತ್ತದೆ, ಬಿಡಿಸಿಕೊಳ್ಳುವಷ್ಟರಲ್ಲಿ ಸಂಜೆ.

ಮೊದಲು ಒಳದಾರಿ ಹಿಡಿದು ನೋಡಿದೆವು. ಎರಡು ದಾರಿಯೂ ಕೊನೆಗೆ ಒಂದೇ ಬಾಯಿಗೆ ಬಂದು ಸೇರುವುದರಿಂದ ಎರಡೂ ಕಟ್ಟಿದವು. ಹೊಸ ದಾರಿ ತೆರೆದರೆ ಎಲ್ಲರ ಪ್ರಯಾಣವೂ ತಡವಾಗಬಹುದೆಂದು ಬ್ರೇಸ್ ಎಂಬ ಜರ್ಮನ್ ಗಣಿತಜ್ಞ 1968ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಅತಿಥಿಗಳಿಗೆ ಸಮಯ ಹಂಚಿ ನೋಡಿದೆವು, ಯಾರೂ ಹೇಳಿದ ಹೊತ್ತಿಗೆ ಹೊರಡಲಿಲ್ಲ.

ಕುಶಾಲನಗರ ರಸ್ತೆಯಲ್ಲಿ ಊರು ಸೇರುವ ಮೊದಲೇ ಗದ್ದೆಯೊಂದನ್ನು ಬಾಡಿಗೆಗೆ ಹಿಡಿದು, ಪೇಟೆ ತುಂಬಿದಾಗ ನಮ್ಮ ಗಾಡಿಗಳನ್ನು ಅಲ್ಲೇ ತಡೆಯೋಣ ಎಂದೆ. "ಗಾಡಿ ನಿಲ್ಲಿಸಿ ದುಡ್ಡು ಮಾಡಿದವರು ಯಾರಿದ್ದಾರೆ?" ಎಂದರು ಜೀಪಿನವರು. ಗದ್ದೆಗೆ ದಿನಕ್ಕೆ ಸುಮಾರು ಎರಡು ಸಾವಿರ, ಮೂವರು ಹುಡುಗರಿಗೆ ಊಟ ಸೇರಿ ತಲಾ ಏಳೆಂಟು ನೂರು. ಮೊದಲ ಸೀಸನ್‌ನಲ್ಲಿ ನಲವತ್ತು ಸಾವಿರದಷ್ಟು ನನ್ನ ಕೈಯಿಂದಲೇ ಹೋಯಿತು. ಇಬ್ಬರು ಮಾಲೀಕರು ನಮ್ಮ ಗುಂಪು ಬಿಟ್ಟುಹೋದರು.

ಆ ಸೀಸನ್‌ನಲ್ಲಿ ಸಾಲು ಕರಗತೊಡಗಿದ ಕೂಡಲೇ ಬಿಡುತ್ತಿದ್ದೆವು, ಮತ್ತೆ ಕಟ್ಟುತ್ತಿತ್ತು. ಜಾಮ್ ಕಟ್ಟುವ ಸಂಖ್ಯೆಯೇ ಬೇರೆ, ಬಿಡಿಸಿಕೊಳ್ಳುವ ಸಂಖ್ಯೆಯೇ ಬೇರೆ. ಈಗ ಪೇಟೆಯೊಳಗೆ ನಮ್ಮ ಗಾಡಿ ನಲವತ್ತಾದರೆ ತಡೆಯುತ್ತೇವೆ, ಇಪ್ಪತ್ತೈದಕ್ಕೆ ಇಳಿದ ಮೇಲಷ್ಟೇ ಬಿಡುತ್ತೇವೆ. ಹೊರಗಿನ ಗಾಡಿಗಳನ್ನು ತಡೆಯುವ ಅಧಿಕಾರ ನಮಗಿಲ್ಲ. ಆದರೆ ಕಟ್ಟುವ ಅಂಚಿಗೆ ಬಂದಾಗ ಫಲಿತಾಂಶ ಬದಲಿಸಲು ನಮ್ಮ ಅರವತ್ತು ಎಪ್ಪತ್ತು ಗಾಡಿಯೇ ಸಾಕು. ಯಾವ ತಿರುವಿನಲ್ಲಿ ಹುಡುಗನನ್ನು ನಿಲ್ಲಿಸಿದ್ದೇನೆ, ಅವನು ಏನನ್ನು ಎಣಿಸುತ್ತಾನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಜಪಾನಿನಲ್ಲಿ 230 ಮೀಟರಿನ ವರ್ತುಲದಲ್ಲಿ 22 ಕಾರು ಓಡಿಸಿದಾಗ ಯಾವ ಅಡ್ಡಿಯೂ ಇಲ್ಲದೆ ಜಾಮ್ ಹುಟ್ಟಿತ್ತು, 2008ರಲ್ಲಿ ಅದು ಪ್ರಕಟವಾಯಿತು. ಗೆಳೆಯರ ಕಾಫಿ ಕಣದಲ್ಲಿ ಏಳೆಂಟು ಜೀಪು ಸುತ್ತಿಸಿ ನಾನೂ ನೋಡಿದೆ. ಒಬ್ಬ ಬ್ರೇಕ್ ಮುಟ್ಟಿದರೆ ಆ ತಡೆ ಹಿಂದಿನ ಗಾಡಿಗಳಿಗೆ ದಾಟುತ್ತಾ ಹೋಯಿತು. ಡೀಸೆಲ್ ಖರ್ಚಾದರೂ ಮಾತಿನಿಂದ ಒಪ್ಪದವರು ಅಲ್ಲಿ ಒಪ್ಪಿದರು.

ಈಗ ಸಾಲು ರಜೆಯಲ್ಲಿ ಮಾಂದಲಪಟ್ಟಿ ಬೆಟ್ಟಕ್ಕೆ ಎರಡು ಟ್ರಿಪ್ ಹೋಗುತ್ತಿದ್ದ ಜೀಪು ಮೂರು ಹೋಗುತ್ತದೆ. ಡೀಸೆಲ್ ಐದರಲ್ಲಿ ಒಂದು ಪಾಲಿನಷ್ಟು ಉಳಿಯುತ್ತಿದೆ. ಬಿಟ್ಟುಹೋದ ಇಬ್ಬರೂ ಮರಳಿದ್ದಾರೆ, ಗದ್ದೆಯ ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿದ್ದನ್ನು ಕಂಡ ನಾನು ಈ ನಲವತ್ತು ಗಾಡಿಯ ಮಿತಿಯನ್ನು ಏರಿಸಲು ಬಿಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಬದಲಿ ದಾರಿ ಎಂದರೆ ಕರಿಕೆಯಂಥ ಕಾಡುರಸ್ತೆ. ಒಂದು ದಾರಿ ಮುಚ್ಚಿದ ದಿನ ಆ ಭಾರವನ್ನೂ ಹೊರಲು ಪೇಟೆಯಲ್ಲಿ ಜಾಗ ಉಳಿದಿರಬೇಕು. ಮಳೆಗಾಲಕ್ಕೆ ಇದನ್ನು ಮೂವತ್ತಕ್ಕೆ ಇಳಿಸಬೇಕೆಂದಿದ್ದೇನೆ. ಜೀಪಿನವರು ಇನ್ನೂ ಒಪ್ಪಿಲ್ಲ, ಒಪ್ಪಿಸುತ್ತೇನೆ.